ಲಾಂಛನ ಧರಿಸಿದ ನಾಯಕ: ಕಲ್ಯಾಣ ಸೀಮೆಯ ಬಸವಣ್ಣನವರ ಚಿತ್ರ ಹಾಗೂ ಅಮೆರಿಕದ ಒಂದು ಜನಪದ ಭಾವಚಿತ್ರ ಪರಂಪರೆ

ಬೀದರ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣ ಸೀಮೆಯಲ್ಲಿ, ದುಬಲಗುಂಡಿಯಂತಹ ಊರುಗಳಲ್ಲಿ, ಬಸವಣ್ಣನವರ ಚಿತ್ರಪಟವು ಅತಿ ಪರಿಚಿತವಾದ ವಸ್ತುಗಳಲ್ಲಿ ಒಂದು. ಮಠದ ಪಡಸಾಲೆ, ಶಾಲೆಯ ಗೋಡೆ, ಕಿರಾಣಿ ಅಂಗಡಿಯ ಗಲ್ಲೆಯ ಮೇಲಿನ ಕ್ಯಾಲೆಂಡರು, ಮದುವೆಯ ಲಗ್ನಪತ್ರಿಕೆ ಇವೆಲ್ಲೆಡೆ ಅದು ಕಾಣಸಿಗುತ್ತದೆ. ತಲೆಯ ಮೇಲೆ ಕಿರೀಟ, ಕಿವಿಯಲ್ಲಿ ಕುಂಡಲ, ತಿದ್ದಿದ ಮೀಸೆ, ಹಣೆಯಲ್ಲಿ ಮೂರೆಳೆಯ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಕೆಲವು ಚಿತ್ರಗಳಲ್ಲಿ ಲಿಂಗದ ಬದಲು ಖಡ್ಗವಿರುತ್ತದೆ, ಆಸನದ ಬದಲು ಕುದುರೆಯಿರುತ್ತದೆ. ಇಷ್ಟು ಪರಿಚಿತವಾದುದರಿಂದಲೇ ಈ ಚಿತ್ರವನ್ನು ಯಾರೂ ನಿಂತು ನೋಡುವುದಿಲ್ಲ. ಆದರೆ ಇದನ್ನು ಬರೆದ ಯಾವ ಕಲಾವಿದನೂ ಬಸವಣ್ಣನವರನ್ನು ಕಂಡವನಲ್ಲ, ಕಂಡವರು ಬರೆದ ಚಿತ್ರವನ್ನೂ ನೋಡಿದವನಲ್ಲ. ಹನ್ನೆರಡನೆಯ ಶತಮಾನದ ವ್ಯಕ್ತಿಗೆ ಇಪ್ಪತ್ತನೆಯ ಶತಮಾನದಲ್ಲಿ ಕೊಟ್ಟ ಈ ಮುಖ, ಈ ಉಡುಗೆ, ಈ ಲಾಂಛನಗಳು ಸಂಶೋಧಕನಿಗೆ ಯಾವ ಬಗೆಯ ಆಕರ ಎಂಬುದು ಇಲ್ಲಿ ವಿಚಾರಿಸಬೇಕಾದ ವಿಷಯ.

ಈ ಪ್ರಶ್ನೆಯನ್ನು ಬಿಡಿಸುವುದಕ್ಕೆ ದೂರದ ಒಂದು ನಿದರ್ಶನ ನೆರವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅಲ್ಲಿನ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನನ್ನು ಫ್ರೀಮೇಸನ್ ಸಂಘದ ಸದಸ್ಯನ ವೇಷದಲ್ಲಿ ತೋರಿಸುವ ಜನಪದ ಭಾವಚಿತ್ರಗಳು ವಿಪುಲವಾಗಿ ಹುಟ್ಟಿಕೊಂಡವು. ಅಲ್ಲಿ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ಉಳಿದಿದೆ, ಸತ್ತ ಮೇಲೆ ಬರೆದ ಚಿತ್ರಗಳೂ ಉಳಿದಿವೆ, ಎರಡರ ನಡುವಿನ ಜಗಳದ ಕಾಗದಪತ್ರಗಳೂ ಉಳಿದಿವೆ. ಹೀಗಾಗಿ ಕಾಲಾಂತರದಲ್ಲಿ ಒಂದು ಸಮುದಾಯವು ತನ್ನ ನಾಯಕನ ಮೈಮೇಲೆ ಏನೇನನ್ನು ಏರಿಸಿತು ಎಂಬುದನ್ನು ಅಲ್ಲಿ ಅಳೆದು ನೋಡಬಹುದು. ಕಲ್ಯಾಣದಲ್ಲಿ ಅಂತಹ ಅಳತೆಗೋಲು ಇಲ್ಲ.

ಫ್ರೀಮೇಸನ್ ಎಂಬುದು ಕಲ್ಲುಕುಟಿಗರ ಹಾಗೂ ಗಾರೆ ಕೆಲಸದವರ ಕಸುಬಿನ ಪರಿಕರಗಳನ್ನು ನೀತಿಯ ಸಂಕೇತಗಳನ್ನಾಗಿ ಮಾಡಿಕೊಂಡ ಭ್ರಾತೃಸಂಘ. ಮೂಲೆಮಟ್ಟ ಮತ್ತು ಕೈವಾರ, ಕರಣೆ, ತೂಗುಗುಂಡು, ಕುರಿಮರಿಯ ತೊಗಲಿನ ಬಿಳಿಯ ಏಪ್ರನ್ ಇವು ಅದರ ಲಾಂಛನಗಳು. 1717ರಲ್ಲಿ ಲಂಡನ್ನಿನಲ್ಲಿ ಅದರ ಮಹಾಮಂಡಲಿ ಸ್ಥಾಪನೆಯಾಯಿತೆಂಬುದು ಸಂಘದ ಸಂಪ್ರದಾಯ. ಬ್ರಿಟಿಷರೊಡನೆ ಅದು ಭಾರತಕ್ಕೂ ಬಂದಿತು. ಬಾಗಿಲು ಮುಚ್ಚಿ ನಡೆಯುವ ಅದರ ವಿಧಿಗಳಿಂದಾಗಿ ಜನ ಆ ಕಟ್ಟಡಗಳನ್ನು ‘ಜಾದೂಘರ್’ ಎಂದು ಕರೆದರು. ಬೀದರ ಸೀಮೆ ಒಳಪಟ್ಟಿದ್ದ ನಿಜಾಮ್ ರಾಜ್ಯದ ರಾಜಧಾನಿ ಹೈದರಾಬಾದಿನಲ್ಲಿ ಗೋಶಾಮಹಲ್ ಬಾರಾದರಿ ಈ ಸಂಘದ ನೆಲೆಯಾಯಿತು.

ವಾಷಿಂಗ್ಟನ್ 1752ರ ನವೆಂಬರ್ 4ರಂದು, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ವರ್ಜೀನಿಯದ ಫ್ರೆಡರಿಕ್ಸ್‌ಬರ್ಗ್ ಮಂಡಲಿಯಲ್ಲಿ ದೀಕ್ಷೆ ಪಡೆದನು. ಮರುವರ್ಷ ಆಗಸ್ಟ್‌ನಲ್ಲಿ ಮೂರನೆಯ ಶ್ರೇಣಿಗೆ ಏರಿದನು. 1793ರ ಸೆಪ್ಟೆಂಬರ್ 18ರಂದು ಅಮೆರಿಕದ ಸಂಸತ್ ಭವನಕ್ಕೆ ಅಡಿಗಲ್ಲು ಇಟ್ಟುದು ಮೇಸನ್ ವಿಧಿಯಂತೆಯೇ. ಮಾರನೆಯ ವರ್ಷ ಅಲೆಕ್ಸಾಂಡ್ರಿಯದ 22ನೆಯ ಮಂಡಲಿಯ ಕೋರಿಕೆಯಂತೆ ವಿಲಿಯಂ ಜೋಸೆಫ್ ವಿಲಿಯಮ್ಸ್ ಎಂಬ ಕಲಾವಿದನು ಮೇಸನ್ ಲಾಂಛನಗಳೊಡನೆ ಅವನ ಚಿತ್ರವನ್ನು ಬಣ್ಣದ ಕಡ್ಡಿಗಳಲ್ಲಿ ಬರೆದನು. ಈ ಚಿತ್ರದ ವಿಶೇಷವೆಂದರೆ ಅದರ ನಿರ್ದಾಕ್ಷಿಣ್ಯ. ಸಿಡುಬಿನ ಕಲೆ, ಮಚ್ಚೆ, ಮುದಿತನದ ಬಳಲಿಕೆ ಯಾವುದನ್ನೂ ಚಿತ್ರಕಾರ ಮುಚ್ಚಿಲ್ಲ. 1799ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ತೀರಿಕೊಂಡಾಗ ಶವಸಂಸ್ಕಾರದಲ್ಲಿ ಮೇಸನ್ ವಿಧಿಯೂ ಸೇರಿತ್ತು.

ಇಷ್ಟರ ಮಟ್ಟಿಗೆ ಸದಸ್ಯತ್ವ ನಿರ್ವಿವಾದ. ಆದರೆ ಸದಸ್ಯತ್ವದ ತೂಕವೆಷ್ಟು ಎಂಬುದು ಬೇರೆ ಮಾತು. ಸಾಯುವ ಹಿಂದಿನ ವರ್ಷ ಬರೆದ ಒಂದು ಪತ್ರದಲ್ಲಿ, ಕಳೆದ ಮೂವತ್ತು ವರ್ಷಗಳಲ್ಲಿ ತಾನು ಮಂಡಲಿಗೆ ಹೋದದ್ದು ಒಂದೆರಡು ಬಾರಿಗಿಂತ ಹೆಚ್ಚಿಲ್ಲವೆಂಬ ಅರ್ಥದ ಮಾತನ್ನು ಅವನೇ ಹೇಳಿದ್ದಾನೆ. ಈ ಒಂದು ಮಾತು ಮುಂದೆ ದೊಡ್ಡ ಕಲಹಕ್ಕೆ ಕಾರಣವಾಯಿತು. 1826ರಲ್ಲಿ ನ್ಯೂಯಾರ್ಕ್ ರಾಜ್ಯದ ಬಟೇವಿಯದಲ್ಲಿ ಸಂಘದ ಗುಟ್ಟುಗಳನ್ನು ಅಚ್ಚು ಹಾಕಿಸಲು ಹೊರಟ ವಿಲಿಯಂ ಮಾರ್ಗನ್ ಎಂಬುವನನ್ನು ಅಪಹರಿಸಲಾಯಿತು. ಅವನು ಮತ್ತೆ ಪತ್ತೆಯಾಗಲಿಲ್ಲ. ಇದರಿಂದ ಕೆರಳಿದ ಜನರು ಮೇಸನ್ ವಿರೋಧಿ ಪಕ್ಷವನ್ನೇ ಕಟ್ಟಿದರು. 1832ರ ಅಧ್ಯಕ್ಷ ಚುನಾವಣೆಯಲ್ಲಿ, ಸ್ವತಃ ಮೇಸನ್ ಆಗಿದ್ದ ಆಂಡ್ರ್ಯೂ ಜಾಕ್ಸನ್ನನ ವಿರುದ್ಧ ಆ ಪಕ್ಷದ ಅಭ್ಯರ್ಥಿ ವಿಲಿಯಂ ವರ್ಟ್ ವರ್ಮಾಂಟ್ ರಾಜ್ಯವನ್ನು ಗೆದ್ದನು. 1837ರಲ್ಲಿ ಪೆನ್ಸಿಲ್ವೇನಿಯದ ಗವರ್ನರ್ ಜೋಸೆಫ್ ರಿಟ್ನರ್, ವಾಷಿಂಗ್ಟನ್ನನಿಗೆ ಅಂಟಿಕೊಂಡ ಗುಪ್ತಸಂಘದ ಕಳಂಕವನ್ನು ತೊಳೆಯಲೆಂದು ಒಂದು ಸಮರ್ಥನೆಯನ್ನೇ ಶಾಸನಸಭೆಯ ಮುಂದಿಟ್ಟನು. ಒಬ್ಬನೇ ಸತ್ತ ಮನುಷ್ಯನ ಮೇಲೆ ಎರಡು ಪಂಗಡಗಳು ಹಕ್ಕು ಸ್ಥಾಪಿಸತೊಡಗಿದ್ದವು.

ಚಿತ್ರಗಳು ಹೆಚ್ಚಿದ್ದು ಈ ಕಲಹದ ಆಮೇಲೆ ಎಂಬುದು ಗಮನಾರ್ಹ. ಸಂಘ ಚೇತರಿಸಿಕೊಂಡ ಶತಮಾನದ ಉತ್ತರಾರ್ಧದಲ್ಲಿ ಕಲ್ಲಚ್ಚಿನ ಮುದ್ರಣಾಲಯಗಳು ‘ಫ್ರೀಮೇಸನ್ ವಾಷಿಂಗ್ಟನ್’ ಚಿತ್ರಗಳನ್ನು ಅಗ್ಗದ ಬೆಲೆಗೆ ಮಾರಿದವು. ಶಾಸ್ತ್ರೀಯ ತರಬೇತಿಯಿಲ್ಲದ ಊರೂರಿನ ಚಿತ್ರಕಾರರು ಅದೇ ವಸ್ತುವನ್ನು ಕೈಯಾರೆ ಬರೆದರು. ಇಂತಹ ಚಿತ್ರಗಳಿಗೆ ವಿಲಿಯಮ್ಸನ ಕಲೆಯುಳ್ಳ ಮುಖ ಬೇಕಾಗಲಿಲ್ಲ. ಗಿಲ್ಬರ್ಟ್ ಸ್ಟೂಅರ್ಟ್ 1796ರಲ್ಲಿ ಬರೆದ, ಆ ವೇಳೆಗಾಗಲೇ ಮನೆಮಾತಾಗಿದ್ದ ಗಂಭೀರ ಮುಖವೇ ಜನರಿಗೆ ವಾಷಿಂಗ್ಟನ್ ಎಂದರೆ ಕಣ್ಣಮುಂದೆ ನಿಲ್ಲುತ್ತಿದ್ದ ಮುಖ; ಅದರ ಕೆಳಗೆ ಏಪ್ರನ್ ಕಟ್ಟಿದರೆ ಕೆಲಸ ಮುಗಿಯಿತು. ಸಿನ್ಸಿನಾಟಿಯ ಸ್ಟ್ರೋಬ್ರಿಜ್ ಮುದ್ರಣಾಲಯದ ಒಂದು ಪ್ರಸಿದ್ಧ ಚಿತ್ರದಲ್ಲಿ ಅವನು ಕರಣೆ ಮತ್ತು ಸುರುಳಿಯನ್ನು ಹಿಡಿದು ನಿಂತಿದ್ದಾನೆ. ಸುತ್ತಲಿನ ಚೌಕಟ್ಟಿನಲ್ಲಿ ಲಫಾಯೆಟ್ ಮತ್ತು ಜಾಕ್ಸನ್ನರ ಚಿಕ್ಕ ಚಿತ್ರಗಳಿವೆ. ಯಾವ ಜಾಕ್ಸನ್ನನ ಮೇಸನ್‌ತನವು ಚುನಾವಣೆಯ ವಿಷಯವಾಗಿತ್ತೋ ಆ ಜಾಕ್ಸನ್ನನೇ ರಾಷ್ಟ್ರಪಿತನ ಪಕ್ಕದಲ್ಲಿ ಸಮಾಧಾನವಾಗಿ ಕುಳಿತಿದ್ದಾನೆ. ಜಗಳ ಮುಗಿಯಿತೆಂದು ಹೇಳುವುದಕ್ಕೆ ಇದಕ್ಕಿಂತ ಜಾಣ ಉಪಾಯ ಸಿಗುವುದು ಕಷ್ಟ.

ಹೀಗೆ ನೋಡಿದಾಗ ಈ ಚಿತ್ರ 1790ರ ದಶಕದ ವಾಷಿಂಗ್ಟನ್ನನ ಬಗ್ಗೆ ಹೇಳುವುದು ಅತ್ಯಲ್ಪ. 1860–70ರ ದಶಕದ ಸಂಘದ ಆತ್ಮವಿಶ್ವಾಸದ ಬಗ್ಗೆ ಹೇಳುವುದು ಬಹಳ. ಲಾಂಛನವು ನಾಯಕನ ಮೈಮೇಲಿದ್ದರೂ ಅದು ಸಾಕ್ಷಿ ನುಡಿಯುವುದು ಅದನ್ನು ತೊಡಿಸಿದವರ ಪರವಾಗಿ. ಈ ಸೂತ್ರವನ್ನು ಹಿಡಿದು ಕಲ್ಯಾಣದ ಕಡೆಗೆ ತಿರುಗಿದರೆ ಬಸವಣ್ಣನವರ ಚಿತ್ರಪಟದ ಒಂದೊಂದು ಅಂಶಕ್ಕೂ ಅದರದೇ ಆದ ಪ್ರಾಯ ಇರುವುದು ಕಾಣತೊಡಗುತ್ತದೆ.

ಬಸವಣ್ಣನವರ ಐತಿಹಾಸಿಕತೆಗೆ ಶಾಸನಾಧಾರಗಳಲ್ಲಿ ಮುಖ್ಯವಾದುದು ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ. ಅದು ವಂಶವನ್ನು ಹೇಳುತ್ತದೆ, ರೂಪವನ್ನು ಹೇಳುವುದಿಲ್ಲ. ರೂಪಕ್ಕೆ ಬೇಕಾದ ಸಾಮಗ್ರಿ ಬಂದುದು ಕಾವ್ಯಗಳಿಂದ. ಹರಿಹರನ ‘ಬಸವರಾಜದೇವರ ರಗಳೆ’, ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ‘ಬಸವಪುರಾಣ’ ಇವು ಪ್ರಮುಖ ಆಕರಗಳು. ಇವು ತಮ್ಮತಮ್ಮಲ್ಲೇ ಒಂದನ್ನೊಂದು ಒಪ್ಪುವುದಿಲ್ಲ. ಹರಿಹರನ ಬಸವಣ್ಣನವರಿಗೆ ಉಪನಯನವಾಗುತ್ತದೆ, ಮುಂದೆ ಅವರು ಜನಿವಾರವನ್ನು ಕಿತ್ತೊಗೆದು ಕಪ್ಪಡಿಸಂಗಮಕ್ಕೆ ಹೊರಡುತ್ತಾರೆ. ಸೋಮನಾಥನ ಬಸವಣ್ಣನವರು ಬಾಲ್ಯದಲ್ಲಿಯೇ ಉಪನಯನವನ್ನು ನಿರಾಕರಿಸುತ್ತಾರೆ. ಎರಡೂ ಕಥನಗಳು ಕೂಡುವ ಬಿಂದು ಒಂದೇ: ಕೊನೆಯಲ್ಲಿ ಮೈಮೇಲೆ ಜನಿವಾರವಿಲ್ಲ. ಆದುದರಿಂದ ಇಂದಿನ ಚಿತ್ರಪಟದಲ್ಲಿ ಹಳೆಯ ಆಕರಗಳ ಬೆಂಬಲ ಸ್ಪಷ್ಟವಾಗಿರುವುದು ಅಲ್ಲಿ ಕಾಣುವ ಕಿರೀಟಕ್ಕಲ್ಲ, ಅಲ್ಲಿ ಕಾಣದ ಜನಿವಾರಕ್ಕೆ. ಲಾಂಛನಗಳ ಅಧ್ಯಯನದಲ್ಲಿ ಇಲ್ಲದುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಕಿರೀಟ ಮತ್ತು ಖಡ್ಗಗಳ ಮೂಲ ಉದ್ಯೋಗದಲ್ಲಿದೆ. ಹರಿಹರನ ಪ್ರಕಾರ ಅವರು ಮಂಗಳವಾಡದಲ್ಲಿ ಲೆಕ್ಕ ಬರೆಯುವ ಕರಣಿಕರಾಗಿ ಸೇರಿ ಭಂಡಾರಿಯ ಪದವಿಗೆ ಏರಿದವರು. ಲೆಕ್ಕ ಬರೆಯುವವನ ಕೈಗೆ ಸಲ್ಲುವುದು ಕಂಠ ಮತ್ತು ಓಲೆ. ಮುಂದಿನ ಪುರಾಣಗಳಲ್ಲಿ ಮಂತ್ರಿ, ದಂಡನಾಯಕ ಎಂಬ ವಿಶೇಷಣಗಳು ಬಲಗೊಂಡಂತೆ ಕುದುರೆ, ಖಡ್ಗ, ಮುಕುಟಗಳಿಗೆ ಎಡೆ ದೊರೆಯಿತು. ಇದಕ್ಕೆ ನೆರೆಯ ಮಾದರಿಯೂ ಇತ್ತೆಂದು ಊಹಿಸಲು ಅವಕಾಶವಿದೆ. ಕಲ್ಯಾಣ ಸೀಮೆ ಮರಾಠಿ ನಾಡಿಗೆ ಹೊಂದಿಕೊಂಡದ್ದು. ಪುಣೆಯಲ್ಲಿ 1928ರಲ್ಲಿ ಅಶ್ವಾರೂಢ ಶಿವಾಜಿಯ ಪ್ರತಿಮೆ ಅನಾವರಣಗೊಂಡ ಮೇಲೆ, ಕುದುರೆಯೇರಿದ ನಾಯಕ ಎಂಬ ಕಲ್ಪನೆ ಪಶ್ಚಿಮ ಭಾರತದ ಚೌಕಗಳಲ್ಲೆಲ್ಲ ನೆಲೆಯೂರಿತು. ಬೆಂಗಳೂರಿನ ಬಸವೇಶ್ವರ ವೃತ್ತದ ಅಶ್ವಾರೂಢ ಬಸವಣ್ಣನವರು ಆ ಕಲ್ಪನೆಯ ಬಂಧುವೇ ಹೊರತು ರಗಳೆಯ ಭಂಡಾರಿಯ ಬಂಧುವಲ್ಲ.

ಇದಕ್ಕಿಂತಲೂ ಹಿಂದಿನ ಒಂದು ಪದರವಿದೆ, ಅದನ್ನು ಪಟ್ಟಣದ ವಿದ್ವಾಂಸರು ಸಾಮಾನ್ಯವಾಗಿ ಮರೆಯುತ್ತಾರೆ. ‘ಬಸವ’ ಎಂಬುದು ‘ವೃಷಭ’ ಶಬ್ದದ ತದ್ಭವ. ಹರಿಹರನಲ್ಲಿಯೇ ಬಸವಣ್ಣನವರು ಕೈಲಾಸದ ವೃಷಭಮುಖನೆಂಬ ಗಣದ ಅವತಾರ. ಹಳ್ಳಿಯ ಮಾತಿನಲ್ಲಿ ಬಸವಣ್ಣನ ಗುಡಿ ಎಂದರೆ ಕಲ್ಲಿನ ನಂದಿಯ ಗುಡಿ. ಕಾರಹುಣ್ಣಿಮೆಯಲ್ಲಿ ಕೊಂಬಿಗೆ ಬಣ್ಣ ಬಳಿಸಿಕೊಳ್ಳುವ ಎತ್ತೂ ಬಸವಣ್ಣನೇ. ಒಕ್ಕಲು ಮನೆಯಲ್ಲಿ ಶತಮಾನಗಳ ಕಾಲ ಪೂಜೆಗೊಂಡದ್ದು ಈ ನಾಲ್ಕು ಕಾಲಿನ ಬಸವಣ್ಣ. ಚಾರಿತ್ರಿಕ ಪುರುಷನಾದ, ಮಾತನಾಡಿದ, ವಚನ ಬರೆದ, ಅರಸನ ಬಳಿ ದುಡಿದ ಬಸವಣ್ಣನವರನ್ನು ಎತ್ತಿನ ರೂಪದಿಂದ ಬೇರ್ಪಡಿಸಿ ಮನುಷ್ಯನ ಮುಖ ಕೊಟ್ಟು ಗೋಡೆಗೆ ಏರಿಸಿದ್ದು ಆಧುನಿಕ ಕಾಲದ ಕೆಲಸ. ವಾಷಿಂಗ್ಟನ್ನನಿಗೆ ಏಪ್ರನ್ ತೊಡಿಸಿದವರಿಗಿಂತ ಇಲ್ಲಿನವರ ಹೊಣೆ ದೊಡ್ಡದಾಗಿತ್ತು. ಅಲ್ಲಿ ಮುಖ ಸಿದ್ಧವಾಗಿತ್ತು. ಇಲ್ಲಿ ಮುಖವನ್ನೇ ಮಾಡಬೇಕಿತ್ತು.

ಈ ಕೆಲಸಕ್ಕೆ ಒಂದು ಸಂದರ್ಭವೂ ಒದಗಿತು. 1913ರಲ್ಲಿ ಹರ್ಡೇಕರ್ ಮಂಜಪ್ಪನವರು ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದರು. ಮನೆಯೊಳಗಿನ ಪೂಜೆಗೆ ನಂದಿ ಸಾಕು, ಬೀದಿಯ ಮೆರವಣಿಗೆಗೆ ಭಾವಚಿತ್ರ ಬೇಕು. ಹತ್ತು ವರ್ಷಗಳ ತರುವಾಯ, 1923ರಲ್ಲಿ, ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಪುರಾಣದ ಪವಾಡಪುರುಷನ ಸ್ಥಾನದಲ್ಲಿ ವಚನಕಾರನು ಕಾಣಿಸಿಕೊಂಡನು. ಅಂಗೈಯ ಲಿಂಗ, ಓಲೆಯ ಕಟ್ಟು, ಶರಣರ ನಡುವಣ ಆಸನ ಇವುಗಳಿಗೆ ಮಹತ್ತ್ವ ಬಂದುದನ್ನು ಈ ಓದಿನ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. 1959ರ ‘ಜಗಜ್ಯೋತಿ ಬಸವೇಶ್ವರ’ ಚಲನಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರಾಗಿ, ರಾಜ್‌ಕುಮಾರ್ ಬಿಜ್ಜಳನಾಗಿ ಅಭಿನಯಿಸಿದರು. ಚಿತ್ರಪಟಕ್ಕೆ ಅಭ್ಯಾಸವಾಗಿದ್ದ ಕಣ್ಣು ಈಗ ನಡೆಯುವ, ನುಡಿಯುವ ಮುಖವನ್ನು ಕಂಡಿತು.

ಬೀದರ ಸೀಮೆಯ ಮಟ್ಟಿಗೆ ಈ ಕಥೆಗೆ ಇನ್ನೊಂದು ಮುಖವುಂಟು. ನಿಜಾಮ್ ಆಡಳಿತದಲ್ಲಿ ಉರ್ದು ರಾಜಭಾಷೆಯಾಗಿದ್ದಾಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ನಾಮಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಭಾಗದಲ್ಲಿ ಪ್ರಸಿದ್ಧ. ಹೊರಗಿನ ಲಾಂಛನ ಒಂದು, ಒಳಗಿನ ಸತ್ಯ ಇನ್ನೊಂದು ಎಂಬ ಸ್ಥಿತಿಯನ್ನು ಬದುಕಿ ನೋಡಿದ ಜನ ಇವರು. ಅದೇ ಪಟ್ಟದ್ದೇವರು ಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡವನ್ನು ಎಬ್ಬಿಸಲು ಶ್ರಮಿಸಿದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಲ್ಯಾಣಿ ಎನಿಸಿಕೊಂಡಿದ್ದ ಊರು ಬಸವಕಲ್ಯಾಣವಾಯಿತು. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನು ದೀರ್ಘಕಾಲ ಆಳಿದ, ವಿಜ್ಞಾನೇಶ್ವರನು ‘ಮಿತಾಕ್ಷರಾ’ ರಚಿಸಿದ ರಾಜಧಾನಿಗೆ ಅರಸನ ಹೆಸರು ಬರಲಿಲ್ಲ, ಭಂಡಾರಿಯ ಹೆಸರು ಬಂದಿತು. ಊರಿಗೇ ಲಾಂಛನ ತೊಡಿಸಿದಂತಾಯಿತು ಎನ್ನಬಹುದು. ಈಗ ಅದೇ ಊರಿನಲ್ಲಿ ಬಸವಧರ್ಮ ಪೀಠವು ನಿರ್ಮಿಸಿ 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆಯಿದೆ. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದವರಿಗೆ ಇಷ್ಟು ಎತ್ತರದ ಸ್ಥಾವರ ಸಲ್ಲುವುದೇ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಪ್ರತಿಮೆಯ ಎತ್ತರವನ್ನು ನಿರ್ಧರಿಸುವುದು ವಚನವಲ್ಲ, ಅದನ್ನು ನಿಲ್ಲಿಸುವವರ ಅಗತ್ಯ.

ಚಿತ್ರಕ್ಕಿಂತಲೂ ಸೂಕ್ಷ್ಮವಾದ ಸಾಕ್ಷಿ ಅದರ ಅಡಿಬರಹ. ಭಕ್ತಿಭಂಡಾರಿ, ಮಹಾತ್ಮ, ಜಗಜ್ಯೋತಿ, ಧರ್ಮಗುರು, ವಿಶ್ವಗುರು, ಕ್ರಾಂತಿಯೋಗಿ, ಅಣ್ಣ ಎಂಬ ಪದಗಳು ಪರ್ಯಾಯಗಳಂತೆ ತೋರಿದರೂ ಹಾಗಲ್ಲ. ಬಸವಣ್ಣನವರು ಹಳೆಯ ವೀರಶೈವ ಪರಂಪರೆಯ ಸುಧಾರಕರೋ, ಲಿಂಗಾಯತವೆಂಬ ಸ್ವತಂತ್ರ ಧರ್ಮದ ಸ್ಥಾಪಕರೋ ಎಂಬ ವಿವಾದದಲ್ಲಿ ‘ಧರ್ಮಗುರು’ ಎಂದು ಬರೆಯುವವರು ಒಂದು ಕಡೆ ನಿಂತಾಗಿದೆ. 2018ರ ಮಾರ್ಚ್‌ನಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಗೆ ರಾಜ್ಯ ಸರ್ಕಾರ ಶಿಫಾರಸು ಮಾಡಿದಾಗ ಈ ಪದಗಳ ಭಾರ ಎಲ್ಲರಿಗೂ ತಿಳಿಯಿತು. ಅಡಿಬರಹವಲ್ಲದೆ ಅಂಕಿತವೂ ಕಲಹಕ್ಕೆ ಗುರಿಯಾದುದುಂಟು. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬಲ್ಲಿ ‘ಲಿಂಗದೇವ’ ಎಂದು ಬದಲಿಸಿದ ಮಾತೆ ಮಹಾದೇವಿಯವರ ‘ವಚನದೀಪ್ತಿ’ಯನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಾಲಿನ ಕೊನೆಯ ಒಂದು ಪದವನ್ನು ತಿದ್ದಿದರೆ ನ್ಯಾಯಾಲಯದವರೆಗೆ ಹೋಗುವ ಸಮಾಜ, ಚಿತ್ರದ ಕೈಯಲ್ಲಿ ಲಿಂಗದ ಬದಲು ಖಡ್ಗವನ್ನಿಟ್ಟರೆ ಸುಮ್ಮನಿರುತ್ತದೆ. ಪಠ್ಯಕ್ಕೆ ಮೂಲವುಂಟು, ಚಿತ್ರಕ್ಕೆ ಮೂಲವಿಲ್ಲ ಎಂಬ ಅರಿವು ಜನಮನಸ್ಸಿನಲ್ಲಿ ಇರುವುದೇ ಇದಕ್ಕೆ ಕಾರಣವಿರಬೇಕು.

ರಾಜ್ಯ ಮತ್ತು ರಾಷ್ಟ್ರಗಳು ಚಿತ್ರವನ್ನು ಕೈಗೆತ್ತಿಕೊಂಡ ಮೇಲೆ ಲಾಂಛನಗಳ ಲೆಕ್ಕಾಚಾರ ಬದಲಾಯಿತು. 1967ರಲ್ಲಿ ಅಂಚೆ ಇಲಾಖೆಯು ಸ್ಮಾರಕ ಚೀಟಿಯನ್ನು ಹೊರತಂದಿತು. 2003ರಲ್ಲಿ ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ಅನಾವರಣಗೊಂಡಿತು. 2006ರಲ್ಲಿ ಸ್ಮಾರಕ ನಾಣ್ಯ ಬಂದಿತು. 2015ರ ನವೆಂಬರ್‌ನಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಅರೆಪ್ರತಿಮೆ ಏರಿತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಮರುತಿಂಗಳು ಎಲ್ಲ ಸರ್ಕಾರಿ ಕಚೇರಿಗಳಲ್ಲಿ ‘ವಿಶ್ವಗುರು ಬಸವಣ್ಣ – ಸಾಂಸ್ಕೃತಿಕ ನಾಯಕ’ ಎಂಬ ಬರಹದ ಭಾವಚಿತ್ರ ತೂಗತೊಡಗಿತು. ಆ ಪದದ ಆಯ್ಕೆ ವಿಚಾರಾರ್ಹ. ‘ಧರ್ಮಗುರು’ ಎಂಬಲ್ಲಿ ಒಂದು ಸಮುದಾಯ ಮಾತ್ರ ನಿಲ್ಲಬಹುದು. ‘ಸಾಂಸ್ಕೃತಿಕ ನಾಯಕ’ ಎಂಬಲ್ಲಿ ತಹಶೀಲ್ದಾರ ಕಚೇರಿಗೆ ಪಹಣಿ ಕೇಳಲು ಬಂದ ಯಾವ ರೈತನೂ ನಿಲ್ಲಬಹುದು.

ಅಮೆರಿಕದ ನಿದರ್ಶನವನ್ನು ಎಳೆದಷ್ಟೂ ದೂರ ಎಳೆಯುವುದು ತಪ್ಪಾದೀತು. ವಾಷಿಂಗ್ಟನ್ ಸೇರಿದ್ದು ಬಾಗಿಲು ಮುಚ್ಚಿದ ಸಂಘವನ್ನು. ಅಲ್ಲಿ ಲಾಂಛನದ ಅರ್ಥ ಸದಸ್ಯನಿಗೆ ಮಾತ್ರ ತಿಳಿಯಬೇಕಾದದ್ದು. ಶರಣರ ಇಷ್ಟಲಿಂಗದ ಹಿಂದಿನ ಸಂಕಲ್ಪ ಇದಕ್ಕೆ ವಿರುದ್ಧವಾದುದು. ಗುಡಿಯ ಗರ್ಭಗೃಹದೊಳಗೆ ಕೆಲವರಿಗೆ ಮಾತ್ರ ಸಿಗುತ್ತಿದ್ದುದನ್ನು ಎಲ್ಲರ ಅಂಗೈಗೆ ತಂದಿಟ್ಟ ಕ್ರಮ ಅದು. ಎರಡನೆಯ ಅಂತರ ಕಾಯಕಕ್ಕೆ ಸಂಬಂಧಿಸಿದ್ದು. ಮೇಸನ್ ಸಂಘದಲ್ಲಿ ಕರಣೆ ಹಿಡಿದವರು ಕಲ್ಲು ಕಟ್ಟಿದವರಲ್ಲ, ಜಮೀನ್ದಾರರು ಮತ್ತು ವಕೀಲರು. ಕಸುಬು ಅಲ್ಲಿ ರೂಪಕ ಮಾತ್ರ. ಕಲ್ಯಾಣದಲ್ಲಿ ಮಾದಾರ, ಮಡಿವಾಳ, ಅಂಬಿಗ, ನುಲಿಯ ಎಂಬುವು ವಚನಕಾರರ ಹೆಸರಿಗೇ ಅಂಟಿಕೊಂಡು ಬಂದ ನಿಜವಾದ ಕಸುಬುಗಳು. ಹಾಗಿದ್ದೂ ಚಿತ್ರಪಟ ಪರಂಪರೆಯು ನಾಯಕನ ಕೈಗೆ ಕಂಠವನ್ನು ಕೊಡದೆ ಖಡ್ಗವನ್ನು ಕೊಟ್ಟಿತು. ಮಡಿವಾಳ ಮಾಚಯ್ಯನ ಚಿತ್ರದಲ್ಲಿ ಬಟ್ಟೆಯ ಗಂಟು, ಅಂಬಿಗರ ಚೌಡಯ್ಯನ ಚಿತ್ರದಲ್ಲಿ ಹುಟ್ಟು ತಪ್ಪದೆ ಕಾಣುವಾಗ, ಭಂಡಾರಿಯ ಕಾಯಕ ಮಾತ್ರ ಅವರ ಚಿತ್ರದಿಂದ ಜಾರಿಹೋಗಿದೆ.

ಇಂತಹ ಪ್ರಶ್ನೆಗಳನ್ನು ಬಗೆಹರಿಸಲು ಬೇಕಾದ ಸಾಮಗ್ರಿ ಗ್ರಂಥಾಲಯಗಳಲ್ಲಿ ಇಲ್ಲ, ಮನೆಗಳಲ್ಲಿದೆ; ಮನೆಗಳಲ್ಲಿಯೂ ಬಹಳ ದಿನ ಉಳಿಯುವಂತಿಲ್ಲ. ಕ್ಯಾಲೆಂಡರು ವರ್ಷ ಮುಗಿದ ಮೇಲೆ ಪುಸ್ತಕದ ಹೊದಿಕೆಯಾಗುತ್ತದೆ, ಗಾಜು ಒಡೆದ ಪಟ ಹೊಳೆಗೆ ಹೋಗುತ್ತದೆ. ಸಿನ್ಸಿನಾಟಿಯ ಅಗ್ಗದ ಕಲ್ಲಚ್ಚನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ಮುದ್ರಕನ ಹೆಸರಿನೊಡನೆ ದಾಖಲಿಸಿ ಇಟ್ಟಿರುವುದರಿಂದ ಅದರ ಕಾಲವನ್ನು ಇಂದು ಹೇಳಲು ಸಾಧ್ಯವಾಗಿದೆ. ಕಲ್ಯಾಣ ಸೀಮೆಯ ಚಿತ್ರಪಟಗಳಿಗೂ ಅದೇ ಗೌರವ ಸಲ್ಲಬೇಕು. ಸೂಚಿಯಲ್ಲಿ ‘ಬಸವಣ್ಣ, ಹನ್ನೆರಡನೆಯ ಶತಮಾನ’ ಎಂದು ಬರೆದು ಮುಗಿಸದೆ, ಪಟದ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿರುವ ಮುದ್ರಣಾಲಯ, ಊರು, ವರ್ಷ, ಹಂಚಿದ ಅಂಗಡಿ ಅಥವಾ ಮಠದ ಹೆಸರು, ಅಡಿಬರಹದ ಪದ, ಕೈಯಲ್ಲಿರುವ ವಸ್ತು ಇಷ್ಟನ್ನೂ ನಮೂದಿಸಬೇಕು. ದುಬಲಗುಂಡಿಯ ಒಂದು ಮನೆಯ ಪಟದಲ್ಲಿ ಆ ಅಂಚನ್ನು ಚೌಕಟ್ಟಿನ ಮರವು ಮುಚ್ಚಿಕೊಂಡಿದ್ದರೆ, ಮನೆಯವರ ಒಪ್ಪಿಗೆ ಪಡೆದು ಹಿಂಬದಿಯ ಮೊಳೆಗಳನ್ನು ಬಿಚ್ಚಿ ನೋಡುವುದರಿಂದ ಕ್ಷೇತ್ರಕಾರ್ಯ ಆರಂಭವಾಗುತ್ತದೆ.